ಗಟ್ಟಿ ಇಲ್ಲದ ಆಟ

ಬೀಜ ತೆಗೆದದ್ದೆಂದು ಪೊಟ್ಟಣದ ಮೇಲೆ ಬರೆದಿದ್ದ ಹುಣಸೆಹಣ್ಣನ್ನು ಮೊನ್ನೆ ಸಾರಿಗೆಂದು ಹಿಂಡುತ್ತಿದ್ದಾಗ, ಒಂದು ಬೀಜ ಬೆರಳಿನಿಂದ ಜಾರಿ ಸ್ಟೀಲ್ ತಟ್ಟೆಗೆ ಬಿತ್ತು. ಆ ಸಣ್ಣ ಸದ್ದಿಗೆ ಹ್ಯಾಮಿಲ್ಟನ್ನಿನ ಈ ಅಡುಗೆಮನೆ ಮರೆತೇಹೋಯಿತು. ಹಾರ್ನ್‌ಬಿಯಲ್ಲಿ ನಾನು ಚಿಕ್ಕವಳಿದ್ದಾಗಿನ ನಮ್ಮ ಬಾಡಿಗೆ ಮನೆ, ಅದರ ಹಿಂದಿನ ಮೈದಾನ, ಬೆಂಚಿನ ಮೇಲೆ ಸ್ವೆಟರಿನೊಳಗೆ ಸೆರಗು ಸಿಕ್ಕಿಸಿ ಕೂತ ಅಜ್ಜಿ, ಎಲ್ಲ ಕಣ್ಣೆದುರು ಬಂದವು. ನಿಮಗೂ ಇಂಥದೊಂದು ಸದ್ದು ಇರಬಹುದು.

ಅಮ್ಮನಿಗೆ ಶನಿವಾರವೂ ಆಸ್ಪತ್ರೆಯಲ್ಲಿ ಡ್ಯೂಟಿ. ನನ್ನ ಬೇಸ್‌ಬಾಲ್ ಪಂದ್ಯಗಳಿಗೆ, ಇಲ್ಲಿಯ ಬೇಸಿಗೆ ಕಳೆಯಲು ಮೈಸೂರಿನಿಂದ ಬಂದಿದ್ದ ಅಜ್ಜಿಯೇ ಜೊತೆ. ಸಂಜೆ ಅಮ್ಮನಿಗೆ ಆಟದ ಲೆಕ್ಕ ಒಪ್ಪಿಸುವ ಜವಾಬ್ದಾರಿ ಅವಳದು. ಮೊದಲು ನೆಲದ ಮೇಲೆ ಗೀಟು ಎಳೆದಳು. ಯಾರು ಎಲ್ಲಿ ನಿಂತಿದ್ದಾರೆಂದು ಅದರಲ್ಲಿ ತಿಳಿಯಲಿಲ್ಲ. ಬೆರಳ ಗೆಣ್ಣು ಎಣಿಸಿದಳು; ಚಪ್ಪಾಳೆ ತಟ್ಟಿದೊಡನೆ ಲೆಕ್ಕ ತಪ್ಪಿತು. ಕೊನೆಗೆ ತಿಂಡಿ ಡಬ್ಬಿಯ ಮುಚ್ಚಳದ ಮೇಲೆ ಸೀಮೆಸುಣ್ಣದಿಂದ ಮೈದಾನದ ನಾಲ್ಕು ಮೂಲೆ ಬರೆದು, ಓಡುವ ಒಬ್ಬೊಬ್ಬ ಹುಡುಗಿಗೂ ಒಂದೊಂದು ಹುಣಸೆಬೀಜ ನಡೆಸಿದಳು. ಅದು ಅವಳ ಚೌಕಾಬಾರವೇ ಆಯಿತು. ಸುತ್ತು ಮುಗಿಸಿ ಮನೆ ಸೇರಿದ ಕಾಯಿ ಹಣ್ಣು. ಅದನ್ನು ಸೆರಗಿನ ತುದಿಗೆ ಕಟ್ಟಿಕೊಳ್ಳುವಳು. “ಹಣ್ಣಾಯ್ತು ಕಣೇ!” ಎಂದು ಅವಳು ಕೂಗಿದರೆ ಇಡೀ ತಂಡ ತಿರುಗಿ ನೋಡುತ್ತಿತ್ತು. ನಾನು ಟೋಪಿಯನ್ನು ಹುಬ್ಬಿನವರೆಗೆ ಎಳೆದುಕೊಳ್ಳುತ್ತಿದ್ದೆ. ಸಂಜೆ ಅಮ್ಮ “ಎಷ್ಟಾಯ್ತಮ್ಮಾ?” ಎಂದರೆ, ಅಜ್ಜಿ ಗಂಟು ಬಿಚ್ಚಿ ತಟ್ಟೆಗೆ ಸುರಿಯುವಳು.

ಗೆದ್ದರಷ್ಟೇ ಮುಂದಿನ ಸುತ್ತು ಎಂಬ ಒಂದು ಪಂದ್ಯದ ಕೊನೆಯಲ್ಲಿ ನಾನು ಮೊದಲ ಮೂಲೆಯಿಂದ ಎರಡನೆಯದಕ್ಕೆ ಓಡಿದೆ. ಅಲ್ಲಿ ನಮ್ಮ ತಂಡದವಳೇ ಒಬ್ಬಳು ಇನ್ನೂ ನಿಂತಿದ್ದಳು. “ಅಲ್ಲೇ ನಿಂತ್ಕೋ, ಗಟ್ಟಿ ಆಯ್ತು!” ಅಜ್ಜಿ ಕೂಗಿದಳು. ಚೌಕಾಬಾರದಲ್ಲಿ ನಮ್ಮ ಎರಡು ಕಾಯಿ ಒಂದೇ ಮನೆಯಲ್ಲಿ ಕೂಡಿದರೆ ಗಟ್ಟಿ. ಒಂಟಿ ಕಾಯಿ ಅದನ್ನು ಕಡಿಯಲಾರದು. ನಾನು ಅವಳ ಪಕ್ಕದಲ್ಲಿ ನಿಶ್ಚಿಂತೆಯಿಂದ ನಿಂತೆ. ಎದುರಾಳಿ ಹುಡುಗಿ ನಡೆದೇ ಬಂದು ಚೆಂಡನ್ನು ನನ್ನ ಭುಜಕ್ಕೆ ತಾಗಿಸಿದಳು. ಈ ದೇಶದವರ ಆಟದಲ್ಲಿ ಒಂದು ಮೂಲೆ ಒಬ್ಬರಿಗೇ. ನಾನು ಔಟ್, ನಮ್ಮ ತಂಡವೂ ಹೊರಗೆ. “ಯು ಟೂ ಗೆಟಿಂಗ್ ಮ್ಯಾರೀಡ್?” ಎಂದು ನಮ್ಮವರೇ ಯಾರೋ ನಕ್ಕರು.

“ಇಬ್ರು ಒಂದೇ ಮನೇಲಿದ್ರೆ ಔಟಾ? ಇದೆಂಥಾ ಆಟಾನೇ!” ದಾರಿಯಲ್ಲಿ ಅಜ್ಜಿ ನನ್ನನ್ನು ನಗಿಸಲು ನೋಡಿದಳು. “ಡೋಂಟ್ ಶೌಟ್ ಎನಿಮೋರ್, ಅಜ್ಜಿ,” ಎಂದೆ. ಅವಳಿಗೆ ಇಂಗ್ಲಿಷ್ ಅಷ್ಟಕ್ಕಷ್ಟೇ. ಇದು ಮಾತ್ರ ಅರ್ಥವಾಯಿತು. ಮುಂದಿನ ಶನಿವಾರ, ಸ್ನೇಹಕ್ಕೆಂದು ಆಡಿದ ಪಂದ್ಯದಲ್ಲಿ, ನಾನು ಸುತ್ತು ಮುಗಿಸಿ ಮನೆ ಸೇರಿದೆ. ತಿರುಗಿ ನೋಡಿದರೆ ಅಜ್ಜಿ ಬೀಜವನ್ನೆತ್ತಿ ಸೆರಗಿಗೆ ಕಟ್ಟಿಕೊಳ್ಳುತ್ತಿದ್ದಳು, ಟೀಚರ್ ಗದರಿಸಿದ ಮಗುವಿನ ಹಾಗೆ ತುಟಿ ಬಿಗಿದು. ಸೋತ ನಾಚಿಕೆ ಆ ವಾರವೇ ಹೋಗಿತ್ತು. ಆ ಮುಚ್ಚಿದ ಬಾಯಿ ಕಂಡ ನಾಚಿಕೆ ಇವತ್ತಿಗೂ ಹೋಗಿಲ್ಲ.

ಅಜ್ಜಿ ಊರಿಗೆ ಹೋದವಳು ಮತ್ತೆ ಬರಲಿಲ್ಲ. ಈಗ ಅಲ್ಲಿಯೂ ಇಲ್ಲ. ಅಮ್ಮ ನೆಲ್ಸನ್ ಎಂಬ ಇನ್ನೊಂದು ಊರಿನಲ್ಲಿದ್ದಾಳೆ. ಹಾರ್ನ್‌ಬಿಯ ಮನೆಯಲ್ಲಿ ಯಾರಿದ್ದಾರೋ ಗೊತ್ತಿಲ್ಲ. ತಟ್ಟೆಯ ಬೀಜವನ್ನು ತೊಳೆದು ಕಿಟಕಿಯ ಮೂಲೆಯಲ್ಲಿಟ್ಟೆ. ಗಟ್ಟಿ ಮಾಡಲು ಇನ್ನೊಂದು ಸಿಕ್ಕೀತೆಂದು ಹುಣಸೆಯನ್ನೆಲ್ಲ ಮತ್ತೊಮ್ಮೆ ಹಿಚುಕಿದೆ. ಇದ್ದದ್ದು ಅದೊಂದೇ.