ಸ್ಟ್ರಾಂಗ್ ರೂಮಿನ ಚಕ್ರ ತಾನಾಗಿ ತಿರುಗುವುದಿಲ್ಲ

ಮಧ್ಯಾಹ್ನ ಎರಡು ಗಂಟೆ ಹತ್ತು ನಿಮಿಷ. 2014ರ ಮಾರ್ಚ್ ತಿಂಗಳ ಒಂದು ಮಂಗಳವಾರ. ಕಬ್ಬಿಣದ ಬಾಗಿಲು ಮುಚ್ಚಿಕೊಂಡ ಕೂಡಲೇ ನಾನು ನೋಡಿದ್ದು ಕೈಗಡಿಯಾರವನ್ನು. ಯಾಕೆ ನೋಡಿದೆನೋ ಇವತ್ತಿಗೂ ತಿಳಿಯದು. ಆದರೆ ಆ ಹೊತ್ತಿನ ಬಗ್ಗೆ ನನ್ನನ್ನು ಯಾರೂ ಅಲುಗಾಡಿಸಲಾರರು.

ಆಗ ನಾನು ವೆಲಿಂಗ್ಟನ್ನಿನ ಜಾನ್ಸನ್‌ವಿಲ್‌ನಲ್ಲಿದ್ದೆ. ಮೈಸೂರಿನಲ್ಲಿ ಲೈಬ್ರರಿ ಸೈನ್ಸ್ ಓದಿ, ನ್ಯೂಜಿಲೆಂಡಿಗೆ ಬಂದು ಕೆಲವು ವರ್ಷ ದಾಖಲೆ ಸಂಗ್ರಹಗಳಲ್ಲಿ ದುಡಿದು, ಆಮೇಲೆ ಸ್ವಂತವಾಗಿ ಕುಟುಂಬಗಳ ಚರಿತ್ರೆ ಹುಡುಕಿಕೊಡುವ ಕೆಲಸ ಹಿಡಿದಿದ್ದೆ. ನನ್ನ ಕರಾರಿನಲ್ಲಿ ಎರಡು ಸಾಲು ಯಾವಾಗಲೂ ಇರುತ್ತಿದ್ದವು: ದಾಖಲೆಯಲ್ಲಿ ಸಿಕ್ಕ ಯಾವ ಹೆಸರನ್ನೂ ಬಿಡುವುದಿಲ್ಲ, ಕೆಲಸ ಕೊಟ್ಟವರು ಒಬ್ಬರಿಗಿಂತ ಹೆಚ್ಚಿದ್ದರೆ ವರದಿ ಎಲ್ಲರಿಗೂ ಒಂದೇ ದಿನ ಹೋಗುತ್ತದೆ. ಮೊದಲನೆಯ ಸಾಲಿಗೆ ನಮ್ಮ ಮನೆಯೇ ಕಾರಣ. ದೊಡ್ಡಪ್ಪ ಚೌಕಟ್ಟು ಹಾಕಿಸಿದ್ದ ವಂಶವೃಕ್ಷದಲ್ಲಿ ಏಳು ತಲೆಮಾರಿನ ಗಂಡಸರಿದ್ದರು. ಅಜ್ಜಿಯ ಹೆಸರೆಲ್ಲಿ ಎಂದು ಕೇಳಿದ್ದಕ್ಕೆ, ಅವಳದ್ಯಾಕೆ ಬರೀಬೇಕು, ಎಲ್ಲರಿಗೂ ಗೊತ್ತಲ್ಲ ಅಂದಿದ್ದರು. ಈಗ ಆ ಹೆಸರು ಗೊತ್ತಿರುವವರು ನಾವು ಮೂವರು.

ಕೆಲಸ ಕೊಟ್ಟಿದ್ದು ನೆಲ್ಸನ್ ಊರಿನ ಒಂದು ಹಳೆಯ ಕುಟುಂಬ. ಹೆಸರುಗಳನ್ನು ಬದಲಿಸಿ ಬರೆಯುತ್ತಿದ್ದೇನೆ. ಬಾಗಿಲನ್ನು ಮಾತ್ರ ಬದಲಿಸಿಲ್ಲ. ಅವರ ಮೂಲಪುರುಷ ಎಡ್ವರ್ಡ್, ವಿಕ್ಟೋರಿಯಾ ರಾಣಿಯ ಕಾಲದ ಸಾಲಿಸಿಟರ್. ಕೋರ್ಟಿನಲ್ಲಿ ವಾದಿಸುವುದಕ್ಕಿಂತ ಜನರ ಉಯಿಲು, ಕ್ರಯಪತ್ರ, ಗುಟ್ಟುಗಳನ್ನು ಬರೆದಿಟ್ಟು ಕಾಯುವುದೇ ಆತನ ಮುಖ್ಯ ಕೆಲಸ. ಆ ವರ್ಷ ನವೆಂಬರಿನಲ್ಲಿ ವಂಶಸ್ಥರೆಲ್ಲ ಸೇರುವವರಿದ್ದರು. ಅದಕ್ಕೊಂದು ಪುಸ್ತಕ ಬೇಕಿತ್ತು. ಐದು ಜನರ ಸಮಿತಿಗೆ ಗ್ರಹಾಂ ಎಂಬ ಅರವತ್ತೈದರ ಹಿರಿಯ ಮುಖ್ಯಸ್ಥ. ನನ್ನ ಕರಾರಿಗೆ ಓದದೆ ಸಹಿ ಹಾಕಿದವರು ಅವರೇ. ಸಾಲಿಸಿಟರನ ಮರಿಮಗ!

ಗ್ರಹಾಂ ತಂಗಿ ಹೆಲೆನ್ ಸಹ ಸಮಿತಿಯಲ್ಲಿದ್ದರು. ದೂರದ ಟೌರಂಗಾ ಊರಿನಿಂದ ಬಂದಿದ್ದ ಒಂದು ಪತ್ರವನ್ನು ಅವರೇ ನನಗೆ ಕಳಿಸಿಕೊಟ್ಟರು. ಬರೆದವರು ಮಾರ್ಗರೆಟ್, ಎಂಬತ್ತೊಂದು ವರ್ಷ. ತನ್ನ ಅಜ್ಜಿ ಆಲಿಸ್ ತಂದೆಯ ಹೆಸರಿಲ್ಲದೆ ಬೆಳೆದವಳು, ಆ ತಂದೆ ಎಡ್ವರ್ಡ್ ಎಂದು ಮನೆಯಲ್ಲಿ ಪಿಸುಮಾತಿತ್ತು, ತಾನು ಸಾಯುವ ಮೊದಲು ಅಜ್ಜಿಯ ಹೆಸರನ್ನು ಅದರ ಜಾಗದಲ್ಲಿ ನೋಡಬೇಕು ಎಂದು ಬರೆದಿದ್ದರು. ಗ್ರಹಾಂಗೆ ಎರಡು ಸಲ ಬರೆದರೂ ಉತ್ತರ ಬಂದಿರಲಿಲ್ಲವಂತೆ.

ಎಡ್ವರ್ಡನ ಕಚೇರಿಯಿದ್ದ ಇಟ್ಟಿಗೆಯ ಕಟ್ಟಡ ಇನ್ನೂ ಗ್ರಹಾಂ ಕೈಯಲ್ಲಿತ್ತು. ಮುಂಭಾಗ ಒಂದು ಕೆಫೆಗೆ ಬಾಡಿಗೆ. ಹಿಂದೆ ದಾಖಲೆ ಇಡುವ ಸ್ಟ್ರಾಂಗ್ ರೂಮ್: ಕಿಟಕಿಯಿಲ್ಲ, ಕಬ್ಬಿಣದ ಬಾಗಿಲು, ಅದರ ಹೊರಮೈಯಲ್ಲಿ ಬಸ್ಸಿನ ಸ್ಟಿಯರಿಂಗಿನಂಥ ಚಕ್ರ. ಚಕ್ರ ತಿರುಗಿಸಿದರೆ ಅಗುಳಿಗಳು ಗೋಡೆಯೊಳಗೆ ಕೂರುತ್ತವೆ. ಒಳಮೈಯಲ್ಲಿ ಹಿಡಿಕೆ ಕೂಡ ಇಲ್ಲ.

ಬೆಳಗ್ಗೆ ಕೆಫೆಯಲ್ಲಿ ಟೀ ಕುಡಿಯುವಾಗ ಅದರ ಒಡತಿ ಶಾಹೀನ್ ನನ್ನ ಸ್ಟೀಲ್ ಡಬ್ಬಿ ನೋಡಿಯೇ ಊರು ಕೇಳಿದ್ದಳು. ಅವಳು ಹುಬ್ಬಳ್ಳಿಯವಳು, ಓದಲು ಬಂದು ಇಲ್ಲೇ ನೆಲೆಸಿದವಳು. ಚಿತ್ರಾನ್ನದ ಡಬ್ಬಿಯನ್ನು ತನ್ನ ಫ್ರಿಜ್ಜಿನಲ್ಲಿಟ್ಟುಕೊಂಡಳು.

ಕುಟುಂಬದವರು ಎಡ್ವರ್ಡನ ಸ್ವಂತ ಕಾಗದಗಳನ್ನು ಎಂದೋ ಸುಟ್ಟಿದ್ದರು. ಆದರೆ ಕಚೇರಿಯ ಲೆಟರ್ ಬುಕ್‌ಗಳನ್ನು ಮುಟ್ಟಿರಲಿಲ್ಲ. ಆ ಕಾಲದ ಸಾಲಿಸಿಟರುಗಳು ಪತ್ರ ಬರೆದು, ಶಾಯಿ ಆರುವ ಮುನ್ನ ಒದ್ದೆ ಮಾಡಿದ ತೆಳು ಕಾಗದದ ಪುಸ್ತಕದಲ್ಲಿಟ್ಟು ಯಂತ್ರದಲ್ಲಿ ಒತ್ತುತ್ತಿದ್ದರು. ಶಾಯಿ ಆ ಹಾಳೆಗೂ ಇಳಿಯುತ್ತಿತ್ತು. ಹಾಳೆಗಳು ಈರುಳ್ಳಿ ಸಿಪ್ಪೆಯಷ್ಟು ತೆಳು. ಹಿಂದೆ ಬಿಳಿ ಕಾಗದ ಇಟ್ಟರೆ ಮಾತ್ರ ಅಕ್ಷರ ಕಾಣುತ್ತದೆ. ಹಾಗಾಗಿ ಅದನ್ನು ಯಾರೂ ಓದಲು ಹೋಗಿರಲಿಲ್ಲ. ಹೊರಗೆ ಹೋಗುವ ಪ್ರತಿಯೊಂದು ಪತ್ರದ ಪ್ರತಿ ಇಟ್ಟುಕೊಳ್ಳುವುದು ಎಡ್ವರ್ಡನಿಗೆ ಎಷ್ಟು ಒಗ್ಗಿಹೋಗಿತ್ತೆಂದರೆ, ಯಾರಿಗೂ ತಿಳಿಯಬಾರದ ಪತ್ರವನ್ನೂ ಒತ್ತಿಟ್ಟಿದ್ದ. ನನಗೆ ಅದು ಸಿಕ್ಕಿದ್ದು 1878ರ ಪುಸ್ತಕದಲ್ಲಿ, ಟೌರಂಗಾದ ಒಬ್ಬ ಶಿಕ್ಷಕಿಗೆ ಬರೆದದ್ದು: ‘ನಿಮ್ಮಲ್ಲಿಗೆ ಬರುತ್ತಿರುವ ಆರು ವರ್ಷದ ಆಲಿಸ್ ನನ್ನ ಮಗಳು.’

ಗ್ರಹಾಂ ಬಾಗಿಲಲ್ಲಿ ನಿಂತಿದ್ದರು. ಓದಿ ಹೇಳಿದೆ. ಅವರು ಕೂಗಾಡಲಿಲ್ಲ.

“ಆ ಪುಸ್ತಕ ಮುಚ್ಚಿಡಿ. ಅದು ನಿಮ್ಮ ಕೆಲಸವಲ್ಲ.”

“ಅದೇ ನನ್ನ ಕೆಲಸ. ಕರಾರಿನ ಎರಡನೇ ಪುಟ ನೋಡಿ.”

ನಾನು ಮತ್ತೆ ಪುಸ್ತಕದ ಕಡೆ ತಿರುಗಿದೆ. ಬಾಗಿಲು ಮುಚ್ಚಿತು. ಆಮೇಲೆ, ಒಂದು ಉಸಿರಿನಷ್ಟು ತಡವಾಗಿ, ಚಕ್ರ ತಿರುಗುವ ಸದ್ದು. ಅಗುಳಿಗಳು ಒಂದೊಂದಾಗಿ ಗೋಡೆ ಸೇರಿದವು. ನನ್ನ ಎಚ್ಚರದಲ್ಲಿ, ನಿದ್ದೆಯಲ್ಲಿ ಸಾವಿರ ಸಲ ಮರಳಿ ಬಂದಿರುವುದು ಆ ಸದ್ದು. ಎಣಿಸಿದ್ದೇನೆ. ನಾಲ್ಕು ಅಗುಳಿ.

ದೀಪದ ಸ್ವಿಚ್ಚು ಹೊರಗಿತ್ತು. ಅದೂ ಆರಿತು. ಮೊಬೈಲಿಗೆ ಸಿಗ್ನಲ್ ಇಲ್ಲ. ಕೂಗಿದೆ, ಬಾಗಿಲು ಬಡಿದೆ, ತಗಡಿನ ಪೆಟ್ಟಿಗೆಯ ಮುಚ್ಚಳದಿಂದ ಕಬ್ಬಿಣಕ್ಕೆ ಬಡಿದೆ. ಈ ಕೋಣೆಯಲ್ಲಿ ಗಾಳಿ ಎಷ್ಟು ಹೊತ್ತಿಗೆ ಸಾಕು ಎಂಬ ಯೋಚನೆ ಹೊಕ್ಕಿದ್ದೇ ತಡ, ನೆಲದ ಮೇಲೆ ಕೂತೆ. ಅಳುತ್ತ ಎಷ್ಟು ಹೊತ್ತು ಕಳೆಯಿತೋ. ಆಮೇಲೆ ಬಂದದ್ದು ಧೈರ್ಯವಲ್ಲ, ಸಿಟ್ಟು. ನನ್ನನ್ನು ಕೂಡಿಹಾಕಿದವನು ನನ್ನ ಜೊತೆ ಪುಸ್ತಕವನ್ನೂ ಕೂಡಿಹಾಕಿದ್ದ. ಮೊಬೈಲಿನ ಟಾರ್ಚ್ ಹಚ್ಚಿ, ಹಾಳೆಗಳ ಹಿಂದೆ ಬಿಳಿ ಕಾಗದ ಸರಿಸುತ್ತ ಒಂದೊಂದನ್ನೇ ಫೋಟೋ ತೆಗೆದೆ. ಮಸುಕಾಗಿ ಬಂದದ್ದನ್ನು ಮತ್ತೆ ತೆಗೆದೆ. ಆಲಿಸ್ ಪತ್ರದ ಉಳಿದ ಭಾಗ ಓದಿದ್ದು ಆಗಲೇ: ‘ಅವಳಿಗೆ ಕತ್ತಲೆಂದರೆ ಭಯ. ಮಲಗುವ ಕೋಣೆಯ ಬಾಗಿಲನ್ನು ದಯವಿಟ್ಟು ಒಂದಿಷ್ಟು ತೆರೆದಿಡಿ.’

ಆ ಸಾಲನ್ನು ಇನ್ನೊಮ್ಮೆ ಓದಿದೆ. ಮಗಳನ್ನು ದೂರ ಕಳಿಸಿದ ಮನುಷ್ಯನನ್ನು ಕ್ಷಮಿಸಬೇಕೆನಿಸಲಿಲ್ಲ. ಆದರೆ ಆರು ವರ್ಷದ ಹುಡುಗಿಗೆ ಏನು ಬೇಕೆಂದು ಅವನಿಗೆ ಗೊತ್ತಿತ್ತು. ಮತ್ತೆ ಮುಚ್ಚಳ ಎತ್ತಿಕೊಂಡು ಬಾಗಿಲಿಗೆ ಬಡಿಯತೊಡಗಿದೆ.

ಮೂರು ಗಂಟೆ ಮೂವತ್ತೈದಕ್ಕೆ ಚಕ್ರ ಉಲ್ಟಾ ತಿರುಗಿತು. ಶಾಹೀನ್, ಎರಡೂ ಕೈಯಿಂದ ಚಕ್ರ ಹಿಡಿದು ಏದುಸಿರು ಬಿಡುತ್ತಿದ್ದಳು. ನಾನು ಹಿಂಬಾಗಿಲಿಂದ ಹೊರಟುಹೋದೆನೆಂದು ಗ್ರಹಾಂ ಅವಳಿಗೆ ಹೇಳಿದ್ದರಂತೆ. ಮೂರೂವರೆಗೆ ಕೆಫೆ ಮುಚ್ಚಲು ಫ್ರಿಜ್ ಖಾಲಿ ಮಾಡುವಾಗ ಡಬ್ಬಿ ಕಂಡಿದೆ.

“ಡಬ್ಬಿ ಬಿಟ್ಟು ನಮ್ಮ ಕಡೆ ಹೆಣ್ಮಕ್ಕಳು ಎಲ್ಲಿ ಹೊಕ್ಕಾರ್ರೀ ಅಕ್ಕಾ,” ಅಂದಳು. “ಹುಡುಕ್ಕೋತ ಬಂದೆ, ಈ ಕಬ್ಬಣ ಠಣ್ ಠಣ್ ಅನ್ನಾಕತ್ತಿತ್ತು.”

ನನ್ನ ಮುಖ ನೋಡಿ, ಭುಜ ಹಿಡಿದು ಹೊರಗೆ ಕರೆತಂದಳು.

ಪೊಲೀಸರು ಹೇಳಿಕೆ ಬರೆದುಕೊಂಡರು. ಗಾಳಿಗೆ ಬಾಗಿಲು ಮುಚ್ಚಿರಬೇಕು, ತಾನು ಅಭ್ಯಾಸಬಲದಿಂದ ದೀಪ ಆರಿಸಿ ಹೋದೆನೆಂದು ಗ್ರಹಾಂ ಹೇಳಿದರು. ಚಕ್ರ ತಿರುಗಿಸಿದ್ದನ್ನು ಕಣ್ಣಾರೆ ಕಂಡ ಸಾಕ್ಷಿಯಿರಲಿಲ್ಲ, ವಿಷಯ ಅಲ್ಲಿಗೆ ನಿಂತಿತು. ವಾರದೊಳಗೆ ಅವರ ಇಮೇಲ್ ಬಂತು: ನೀವು ಆಘಾತದಲ್ಲಿದ್ದೀರಿ, ಓದಿದ್ದರಲ್ಲಿ ತಪ್ಪಾಗಿರಬಹುದು, ಕೋಣೆ ಸ್ವಚ್ಛ ಮಾಡಿಸುವಾಗ ಆ ಪುಸ್ತಕ ಎಲ್ಲೋ ಕಳೆದುಹೋಯಿತು. ಓದಿ ನಗು ಬಂತು. ಬಾಗಿಲು ತೆರೆದಿದ್ದರೆ ನಾಳೆ ನೋಡೋಣವೆಂದು ಎದ್ದು ಊಟಕ್ಕೆ ಹೋಗುತ್ತಿದ್ದೆ. ಮುಚ್ಚಿದ್ದರಿಂದ ನನ್ನಲ್ಲಿ ನಲವತ್ಮೂರು ಫೋಟೋಗಳಿದ್ದವು, ಪ್ರತಿಯೊಂದರ ಮೇಲೆ ಗಂಟೆ, ನಿಮಿಷ ಸಮೇತ.

ಆದರೆ ನಿದ್ದೆ ಹೋಗಿತ್ತು. ಮನೆಯ ಬಾಗಿಲುಗಳಿಗೆ ಚಪ್ಪಲಿ ಅಡ್ಡ ಇಡುತ್ತಿದ್ದೆ. ರಾತ್ರಿ ಎದ್ದು ಮುಟ್ಟಿ ನೋಡುತ್ತಿದ್ದೆ. “ಇಟ್ಸ್ ಓಪನ್, ಅಮ್ಮಾ,” ಎಂದು ಮಗಳು ಹಾಸಿಗೆಯಿಂದಲೇ ಹೇಳುತ್ತಿದ್ದಳು, ನಾನು ಕೇಳುವ ಮೊದಲೇ. ಈ ಕೇಸು ಬಿಟ್ಟುಬಿಡು, ಅವರ ಮನೆ ಜಗಳ ನಮಗ್ಯಾಕೆ ಅಂದರು ಗಂಡ. ಬಿಡಲಿಲ್ಲ. ಬಾಗಿಲು ಮುಚ್ಚಿ ಮಲಗುವುದನ್ನು ರೂಢಿಸಿಕೊಳ್ಳಿ ಎಂದಳು ಕೌನ್ಸೆಲರ್. ಅದನ್ನೂ ಒಪ್ಪಲಿಲ್ಲ. ನನಗಾದ ಭಯಕ್ಕೆ ನಾನೇಕೆ ನಾಚಬೇಕು? ವರದಿ ಮುಗಿಸಿ, ಫೋಟೋಗಳನ್ನು ಸೇರಿಸಿ, ಒಂದೇ ದಿನ ಐವರಿಗೂ ಕಳಿಸಿದೆ. ಆಲಿಸ್ ಹೆಸರು ಬೇಡವೆಂದ ಗ್ರಹಾಂ ಮಾತನ್ನು ಮೂವರು ಮೀರಿದರು. ಹೆಲೆನ್ ತಾನೇ ಟೌರಂಗಾಕ್ಕೆ ಫೋನ್ ಮಾಡಿದರು.

ನವೆಂಬರಿನ ಶನಿವಾರ, ನೆಲ್ಸನ್ನಿನ ಒಂದು ಸಭಾಂಗಣದಲ್ಲಿ ಗೋಡೆಯುದ್ದ ವಂಶವೃಕ್ಷ ಅಂಟಿಸಿದ್ದರು. ಎಡ್ವರ್ಡ್ ಕೆಳಗೆ ಒಂದು ಗೆರೆ ಖಾಲಿ. ಮಾರ್ಗರೆಟ್ ಊರುಗೋಲನ್ನು ನನ್ನ ಕೈಗೆ ಕೊಟ್ಟು, ಪೆನ್ನು ತೆಗೆದುಕೊಂಡು, ಆಲಿಸ್ ಎಂದು ಬರೆದರು. ಆಮೇಲೆ ಬಾಗಿಲಿನ ಸಾಲನ್ನು ಓದಿ ತೋರಿಸಿದೆ. ಅವರು ಊರುಗೋಲನ್ನು ಮರಳಿ ತೆಗೆದುಕೊಂಡರು.

“ಅಜ್ಜಿ ಸಾಯುವ ತನಕ ಕೋಣೆಯ ಬಾಗಿಲು ಮುಚ್ಚಲು ಬಿಡಲಿಲ್ಲ. ಅದೊಂದು ಹಟ ಅಂದುಕೊಂಡಿದ್ದೆವು.”

ಹೊರಡುವಾಗ ಗ್ರಹಾಂ ಹತ್ತಿರ ಬಂದು ತಗ್ಗಿದ ದನಿಯಲ್ಲಿ, ಬಾಗಿಲು ತಾನಾಗಿ ಮುಚ್ಚಿತೆಂದು ಹೆಲೆನ್‌ಗೆ ಒಂದು ಮಾತು ಹೇಳಿಬಿಡಿ ಎಂದರು.

“ಬಾಗಿಲು ತಾನಾಗಿ ಮುಚ್ಚಿರಬಹುದು,” ಎಂದೆ, ಹೆಲೆನ್‌ಗೂ ಕೇಳಿಸುವಂತೆ. “ಚಕ್ರ ತಾನಾಗಿ ತಿರುಗುವುದಿಲ್ಲ.”

ಈ ವೃತ್ತಿ ನನಗೆ ಕಲಿಸಿದ್ದು ಇಷ್ಟೇ: ಹೆಸರನ್ನು ಅಳಿಸುವವರು ಕಾಗದವನ್ನು ಹುಡುಕಿ ಸುಡುತ್ತಾರೆ, ಪ್ರತಿಯನ್ನು ಮರೆಯುತ್ತಾರೆ. ಇನ್ನೊಂದು, ಯಾವ ಕೋಣೆಗೆ ಹೋದರೂ ಮೊದಲು ಬಾಗಿಲಿನ ಒಳಮೈ ನೋಡುತ್ತೇನೆ.

ಆ ರಾತ್ರಿ ಶಾಹೀನ್ ಮನೆಯಲ್ಲಿ ಉಳಿದೆ. ದೀಪ ಆರಿಸುವ ಮುನ್ನ ಅವಳು ಹಿಡಿಕೆ ಹಿಡಿದು ನಿಂತು, ಬಾಗಲಾ ಎಷ್ಟ ತೆರದಿಡ್ಲಿ ಅಕ್ಕಾ ಎಂದು ಕೇಳಿದಳು. ಒಂದು ಗೇಣು ಅಂದೆ. ಎಚ್ಚರವಾದಾಗ ಬಿಸಿಲು ಹಾಸಿಗೆಯ ಮೇಲೆ ಬಿದ್ದಿತ್ತು. ಬಾಗಿಲು ಅಷ್ಟೇ ತೆರೆದಿತ್ತು. ಭಾನುವಾರ, ಬೆಳಗ್ಗೆ ಏಳು ಗಂಟೆ ಇಪ್ಪತ್ತು ನಿಮಿಷ.