ಡ್ರೈವಿಗೊಂದು ಚೋಕು

ನೆಲದಡಿಯಿಂದ ದಡ್ ಎಂದೊಂದು ಸದ್ದು. ಅದರ ಹಿಂದೆಯೇ ಅಡುಗೆಮನೆಯ ಸ್ಟ್ಯಾಂಡಿನಲ್ಲಿ ಸ್ಟೀಲ್ ಲೋಟಗಳ ಕಿಣಿಕಿಣಿ. ಕೆಜಿಎಫ್ ಚಿನ್ನದ ಗಣಿಗಳ ನಂದಿದುರ್ಗ ಮೈನ್ಸ್ ಕ್ವಾರ್ಟರ್ಸಿನಲ್ಲಿ ಬೆಳೆದ ನನಗೆ ಬಾಲ್ಯವೆಂದರೆ ಇದೇ. ಗಣಿಯ ಆಳದಲ್ಲೆಲ್ಲೋ ಬಂಡೆ ಸಿಡಿದಿದೆ ಎಂದು ಅರ್ಥ. ಹೆಂಗಸರು ಸ್ಟವ್ ಆರಿಸಿ ಬಾಗಿಲಿಗೆ ಬಂದು, ಗಣಿಗಿಳಿಯುವ ಯಾವ ಶಾಫ್ಟಿನ ಕಡೆ ಜನ ಓಡುತ್ತಿದ್ದಾರೆ ಎಂದು ನೋಡುತ್ತಿದ್ದರು. ಮೊನ್ನೆ ನಮ್ಮ ಅಪಾರ್ಟ್‌ಮೆಂಟಿನ ಲಿಫ್ಟ್ ರಿಪೇರಿಗೆ ಬಂದವರು ಕರೆಂಟಿನ ಪ್ಯಾನೆಲಿನ ಬಾಗಿಲನ್ನು ರಪ್ಪೆಂದು ಮುಚ್ಚಿದಾಗ, ಈ ವಯಸ್ಸಿನಲ್ಲೂ ನಾನು ಮೊದಲು ತಿರುಗಿದ್ದು ಲೋಟಗಳ ಕಡೆಗೆ. ಸಿಲ್ಲಿ ಓಲ್ಡ್ ವುಮನ್ ಎಂದು ನಕ್ಕುಬಿಡಿ, ಬೇಸರವಿಲ್ಲ. ಆ ಪ್ಯಾನೆಲ್ ನೋಡಿದ್ದೇ ಸೆಲ್ವಿ ನೆನಪಾದಳು.

ತೊಂಬತ್ತರ ದಶಕದಲ್ಲಿ ನಮ್ಮವರು ಬಂಗಾರಪೇಟೆಯಲ್ಲಿ ರೇಷ್ಮೆ ನೂಲಿಗೆ ಹುರಿ ಹಾಕುವ ಒಂದು ಪುಟ್ಟ ಫ್ಯಾಕ್ಟರಿ ನಡೆಸುತ್ತಿದ್ದರು. ಕೆಲಸದ ಹೆಂಗಸರೆಲ್ಲ ಕೆಜಿಎಫ್‌ನ ಚಾಂಪಿಯನ್ ರೀಫ್ಸ್ ಗಣಿಯ ಲೈನ್ ಮನೆಗಳಿಂದ ಬೆಳಗಿನ ರೈಲಿಗೆ ಬರುವವರು. ಅವರಿಗೆಲ್ಲ ಸೆಲ್ವಿಯೇ ಲೀಡರ್. ಗಂಡ ಗಣಿಯೊಳಗೆ ಶಿಫ್ಟು. ಇವಳು ಮೇಲೆ ನಮ್ಮ ಎಳೆಗಳ ಜೊತೆ. ಮೋಟಾರು ಜಗ್ಗಿ ಶುರುವಾದಾಗಲೆಲ್ಲ ಎಳೆಗಳು ಪಟಪಟ ಕಡಿದು, ಅರ್ಧ ದಿನ ಗಂಟು ಹಾಕುವುದರಲ್ಲೇ ಹೋಗುತ್ತಿತ್ತು.

“ಇದು ಮೋಟ್ರಾ ಎಮ್ಮೇನಾ ಅಮ್ಮ?” ಎನ್ನುತ್ತಿದ್ದಳು. “ಏಳೋವಾಗ್ಲೇ ಅಗ್ಗ ಕಿತ್ಕೊಂತದೆ.”

ಆಗ ಬಂತು ಡ್ರೈವ್. ಮೋಟಾರಿನ ವೇಗವನ್ನು ಸೊನ್ನೆಯಿಂದ ಮೆಲ್ಲಗೆ ಏರಿಸುವ ಬೂದು ಪೆಟ್ಟಿಗೆ. ಎಳೆ ಕಡಿಯುವುದು ಹೆಚ್ಚುಕಡಿಮೆ ನಿಂತೇಹೋಯಿತು. ನಾನು ಅದಕ್ಕೆ ಅರಿಶಿನ ಕುಂಕುಮ ಇಟ್ಟೆ. ಆದರೆ ಗೋಡೆಯ ಪ್ಯಾನೆಲಿನಲ್ಲಿದ್ದ, ಕರೆಂಟಿನ ಪೋಲು ತಗ್ಗಿಸುವ ಕೆಪಾಸಿಟರುಗಳು ಗುಂಯ್‌ಗುಡತೊಡಗಿದವು, ಕಾದು ಉಬ್ಬತೊಡಗಿದವು. ಹಳೆಯವಾಗಿವೆ ಎಂದು ನಮ್ಮವರು ಹೊಸವನ್ನು ಹಾಕಿಸಿದರು, ಧೈರ್ಯಕ್ಕೆಂದು ಇನ್ನೊಂದನ್ನೂ ಸೇರಿಸಿದರು. ಕಾನ್ವೆಂಟಿನಲ್ಲಿ ಫಿಸಿಕ್ಸ್ ಬಿಟ್ಟು ನೀಡಲ್‌ವರ್ಕ್ ಆರಿಸಿಕೊಂಡಿದ್ದ ನಾನು ವೆರಿ ಗುಡ್ ಅಂದೆ.

ಒಂದು ಮಧ್ಯಾಹ್ನ ಆ ಕೆಪಾಸಿಟರುಗಳಲ್ಲೊಂದು ದಡ್ ಎಂದು ಸಿಡಿಯಿತು.

ಹೊಗೆ ಏಳುತ್ತಿದ್ದ ಪ್ಯಾನೆಲನ್ನು ಒಬ್ಬರೂ ನೋಡಲಿಲ್ಲ. ಎಲ್ಲರೂ ಅಂಗಳಕ್ಕೆ ಓಡಿ ಕೆಜಿಎಫ್ ದಿಕ್ಕಿಗೆ ಮುಖ ಮಾಡಿ ನಿಂತರು. ನಾನೂ. “ಎಂದ ಶಾಫ್ಟು?” ಯಾವ ಗಣಿ ಎಂದು ಯಾರೋ ತಮಿಳಿನಲ್ಲಿ ಕೇಳಿದರು. ಸೆಲ್ವಿ ಅಷ್ಟು ಹೊತ್ತೂ ನಿಲ್ಲಲಿಲ್ಲ. ಬರಿಗಾಲಲ್ಲೇ ಸ್ಟೇಷನ್ನಿಗೆ ಓಡಿದಳು. ಗಂಡ ಶಿಫ್ಟು ಮುಗಿಸಿ ಮೇಲೆ ಬರುವ ತನಕ ಗಣಿಯ ಗೇಟಿನಲ್ಲೇ ನಿಂತಿದ್ದಳಂತೆ.

ಮಾರನೆಯ ದಿನ ಅವಳು ಬರಲಿಲ್ಲ. ಅವಳಿಲ್ಲದೆ ಉಳಿದವರೂ ಬರಲಿಲ್ಲ. ಡ್ರೈವ್ ಬಂದ ಮೇಲೇ ಈ ಕಾಟ; ಅದನ್ನು ಕಿತ್ತರೆ ನೂಲು ಉಳಿಯದು, ಇಟ್ಟರೆ ಜನ ಉಳಿಯರು. ಬಾಗಿಲು ಹಾಕಬೇಕಾಗುತ್ತದೋ ಏನೋ ಎಂದು ನಮ್ಮವರು ಊಟ ಬಿಟ್ಟು ಕೂತರು. ನಾನು ಸೆಲ್ವಿಯ ಮನೆಗೇ ಹೋದೆ. ಕಾಫಿ ಕೊಟ್ಟಳು, ತಾನು ಕುಡಿಯಲಿಲ್ಲ.

“ಇಲ್ಲಿ ದಿನಾ ಭಯಾನೇ ಅಮ್ಮ,” ಎಂದಳು. “ಅಲ್ಲಿಗ್ ಬಂದ್ರೆ ಸಂಜೆ ಗಂಟ ಮರೀತಿದ್ದೆ. ಅದೂನೂ ಓಯ್ತು.”

ಲೋಟ ಖಾಲಿ ಮಾಡಿ ನಾನು ಎದ್ದೆ.

ಡ್ರೈವ್ ಮಾರಿದವರು ಬೆಂಗಳೂರಿನಿಂದ ಒಬ್ಬ ಎಂಜಿನಿಯರನ್ನು ಕಳಿಸಿದರು. ಕೆಪಾಸಿಟರಿನದು ತಪ್ಪಲ್ಲ ಎಂದರವರು. ಡ್ರೈವ್ ಕರೆಂಟನ್ನು ಒಂದೇ ಸಮನೆ ಹೀರುವುದಿಲ್ಲ, ಗುಟುಕು ಗುಟುಕಾಗಿ ಎಳೆಯುತ್ತದೆ. ಅದರಿಂದ ಲೈನಿನಲ್ಲಿ ಹಾರ್ಮೋನಿಕ್ಸ್ ಎಂಬ ಬೇಡದ ಅಲೆಗಳು ಏಳುತ್ತವೆ. ಕೆಪಾಸಿಟರು ಅವನ್ನೆಲ್ಲ ನುಂಗಿ ಕಾದು ಸಿಡಿಯುತ್ತದೆ. ಇನ್ನೊಂದು ಸೇರಿಸಿದ್ದು ಉಪಕಾರವಾಗಲಿಲ್ಲ ಎಂದಾಗ ನಮ್ಮವರು ಕನ್ನಡಕ ಒರೆಸಿಕೊಂಡರು. ಎಂಜಿನಿಯರ್ ಡ್ರೈವಿನ ಮುಂದೆ ಆ ಅಲೆಗಳನ್ನು ತಗ್ಗಿಸುವ ಚೋಕ್ ಕೂರಿಸಿದರು, ಕಬ್ಬಿಣದ ಮೇಲೆ ತಾಮ್ರ ಸುತ್ತಿದ ದಪ್ಪನೆಯ ಸುರುಳಿ. ಅಂಥದ್ದೇ ಕೆಪಾಸಿಟರುಗಳಿಗೂ ಹಾಕಿದರು. ಗುಂಯ್ ಎನ್ನುವುದು ಇಳಿಯಿತು.

ಸೆಲ್ವಿ ಬಂದಳು, ಒಂದು ಷರತ್ತಿನ ಮೇಲೆ: ಸ್ವಿಚ್ಚು ತಾನೇ ಒತ್ತಬೇಕು. ನಮ್ಮವರು ಪಕ್ಕಕ್ಕೆ ಸರಿದರು. ಅವಳು ಸೆರಗು ಸಿಕ್ಕಿಸಿ, ಮುಖ ಓರೆ ಮಾಡಿ ಒತ್ತಿದಳು. ನೂಲು ಸುತ್ತುವ ಕದಿರುಗಳು ನಿದ್ದೆಯಿಂದೆದ್ದಂತೆ ತಿರುಗಿ, ಮೆಲ್ಲಗೆ ವೇಗ ಹಿಡಿದವು. ಸಂಜೆಯವರೆಗೂ ಕಾದು ನೋಡಿದಳು. “ಈಗ ಮನುಸ್ರಂಗೆ ಏಳ್ತದೆ,” ಎಂದಳು. ಮರುದಿನ ಎಲ್ಲರೂ ಬಂದರು. ಆಮೇಲೆ ಫ್ಯಾಕ್ಟರಿ ನಮ್ಮದಾಗಿರುವ ತನಕ ಆ ಸ್ವಿಚ್ಚು ಅವಳದೇ.

ಅವಳನ್ನು ಕಡೆಯ ಬಾರಿ ನೋಡಿದ್ದು ನಾವು ಫ್ಯಾಕ್ಟರಿ ಮಾರಿದ ಎಷ್ಟೋ ಕಾಲದ ಮೇಲೆ, ಬಂಗಾರಪೇಟೆ ಸ್ಟೇಷನ್ನಿನಲ್ಲಿ. ಮಾಲೂರಿನ ಕಡೆ ದೊಡ್ಡ ಮಿಲ್ಲೊಂದರಲ್ಲಿ ಸೂಪರ್‌ವೈಸರ್ ಆಗಿದ್ದಳು. ಗಣಿ ಬಿಟ್ಟ ಗಂಡನಿಗೂ ಅಲ್ಲೇ ಕೆಲಸ. ಅವಳ ಟಿಫನ್ ಕ್ಯಾರಿಯರ್ ಹಿಡಿದು ನಗುತ್ತ ನಿಂತಿದ್ದ.

“ಅಲ್ಲಿ ಡ್ರೈವು ಬೀರು ಅಷ್ಟೆತ್ರ ಅದೆ ಅಮ್ಮ. ಚೋಕ್ ಎಲ್ಲಿ ತೋರ್ಸಿ ಅಂದೆ. ನಕ್ರು. ತೋರ್ಸೋ ಗಂಟ ನಾನ್ ಸ್ವಿಚ್ ಮುಟ್ನಿಲ್ಲ.”

ಕೆಜಿಎಫ್ ರೈಲು ಬಂತು. ಇಬ್ಬರೂ ಹತ್ತಿದರು. ನನಗೆ ಕೈಬೀಸಿ, ಕಿಟಕಿಗೆ ತಲೆಯಾನಿಸಿದವಳು ಅಲ್ಲೇ ತೂಕಡಿಸತೊಡಗಿದಳು. ಹೊರಡುವಾಗ ಬೋಗಿಗಳು ಒಂದನ್ನೊಂದು ಜಗ್ಗಿ ದಡದಡ ಸದ್ದು ಮಾಡಿದವು. ಸೆಲ್ವಿ ಕಣ್ಣು ತೆರೆಯಲಿಲ್ಲ.