ತೊಗಲು ಹೊದಿಸಿದ ಪೆಟ್ಟಿಗೆ

ಶಹಾಪುರದ ಔಷಧ ಘಟಕಕ್ಕೆ ಬೀಗ ಬಿದ್ದಾಗ ಗುರಪ್ಪನಿಗೆ ಉಳಿದ ಆಸೆ ಒಂದೇ. ಅವನು ನೋಡಿಕೊಳ್ಳುತ್ತಿದ್ದ ಯಂತ್ರದ ಒಂದು ಪೆಟ್ಟಿಗೆ ಸೈದಾಪುರದ ಹತ್ತಿರವಿದ್ದ ಅದೇ ಕಂಪನಿಯ ಇನ್ನೊಂದು ಘಟಕಕ್ಕೆ ಹೋಗುವುದಿತ್ತು. ಪೆಟ್ಟಿಗೆ ಅಲ್ಲಿ ಕೆಲಸಕ್ಕೆ ಸೇರಿದರೆ ಗುರಪ್ಪನೂ ಸೇರಿದಂತೆ. ಸೇರದಿದ್ದರೆ ಎರಡೂ ಗುಜರಿ ಲೆಕ್ಕ.

ಆ ಯಂತ್ರದ ಹೆಸರು ಟೇಪ್ ಲೈಬ್ರರಿ. ಒಂದರ ಮೇಲೊಂದು ಕೂರಿಸಿದ ಪೆಟ್ಟಿಗೆಗಳ ಕಪಾಟು ಅದು. ಒಳಗೆ ಸಾಲಾಗಿ ಟೇಪಿನ ಕ್ಯಾಸೆಟ್ಟುಗಳು. ಹಳೆಯ ಔಷಧವೊಂದರ ಪರೀಕ್ಷೆಯ ವಿವರ ಬೇಕೆಂದು ಕಂಪ್ಯೂಟರು ಕೇಳಿದರೆ ಒಳಗಿನ ಯಾಂತ್ರಿಕ ಕೈ ಆ ಕ್ಯಾಸೆಟ್ಟನ್ನೇ ಎತ್ತಿ ತಂದು ಓದಲು ಕೊಡುತ್ತದೆ. ಆ ಕೈ ಓಡಾಡುವ ಸಪ್ಪಳ ಕೇಳಿಯೇ ಗುರಪ್ಪ ಅದರ ಆರೋಗ್ಯ ಹೇಳುತ್ತಿದ್ದ. ರಂಗಂಪೇಟೆಯಲ್ಲಿ ಅವನ ಅಪ್ಪ ಕತ್ತಲಲ್ಲಿ ಕುರಿಯ ಕೆಮ್ಮು ಕೇಳಿ ಇಂಥದ್ದೇ ಕುರಿ ಎಂದು ಹೇಳುತ್ತಿದ್ದನಂತೆ.

ಸೈದಾಪುರದ ಯಂತ್ರಕ್ಕೆ ಮೂರು ಪೆಟ್ಟಿಗೆ; ನಡುವಿನದು ಸುಟ್ಟುಹೋಗಿತ್ತು. ಪೆಟ್ಟಿಗೆಯ ಜೊತೆಗೇ ಬಂದಿದ್ದ ಗುರಪ್ಪನೂ ಅಲ್ಲಿಯವರೂ ಅದನ್ನು ತೆಗೆದು ಶಹಾಪುರದ್ದನ್ನು ಕೂರಿಸಿದರು. ತೆರೆಯ ಮೇಲೆ ಕೆಂಪು ಅಕ್ಷರ ಬಂತು: ಪೆಟ್ಟಿಗೆ ಹೊಂದುತ್ತಿಲ್ಲ.

"ನಿಮ್ಮ ಶಹಾಪುರದ ಪೆಟ್ಟಿಗಿಗೆ ಭಾಳ ಸೊಕ್ಕದ ಬಿಡಣ್ಣ," ಎಂದ ಅಲ್ಲಿಯ ತಂತ್ರಜ್ಞ ಮರಿಲಿಂಗ.

"ಸೊಕ್ಕು ನಿಮ್ಮ ಯಂತ್ರದ್ದು. ಮನಿಗಿ ಬಂದ ಬೀಗರಿಗಿ ನೀರು ಸೈತ ಕೊಡವಲ್ದು."

ಮರಿಲಿಂಗ ಕೇಬಲ್ಲನ್ನೂ ಜಾಗವನ್ನೂ ಒಟ್ಟಿಗೇ ಬದಲಿಸಲು ಹೋದ. ಗುರಪ್ಪ ಅವನ ಕೈ ಹಿಡಿದ. "ಎರಡೂ ಒಮ್ಮಿಗೇ ಮಾಡಿದ್ರ ಗುಣಾ ಯಾವುದರಿಂದ ಬಂತಂತ ಹ್ಯಾಂಗ ತಿಳೀತದ, ತಮ್ಮಾ?"

ಮೊದಲು ಕೇಬಲ್ಲು ಬದಲಿಸಿದರು. ದೋಷ ಹೋಗಲಿಲ್ಲ. ಆಮೇಲೆ ಪೆಟ್ಟಿಗೆಯನ್ನು ನಡುವಿನಿಂದ ತೆಗೆದು ಮೇಲೆ ಕೂರಿಸಿದರು. ದೋಷವೂ ಮೇಲೆ ಹೋಯಿತು. ಅಂದರೆ ತಪ್ಪು ಜಾಗದ್ದಲ್ಲ, ಪೆಟ್ಟಿಗೆಯದು. ಆದರೆ ಪೆಟ್ಟಿಗೆಯ ಮೋಟಾರು, ಬೆಲ್ಟು, ಸೆನ್ಸರ್ ಕಣ್ಣು ಎಲ್ಲ ಸರಿಯಾಗಿದ್ದವು. ಕೊನೆಗೆ ದೋಷದ ವಿವರ ತೆರೆದು ನೋಡಿದಾಗ ಗುಟ್ಟು ತಿಳಿಯಿತು. ಪ್ರತಿ ಪೆಟ್ಟಿಗೆಯ ಒಳಗೂ ಅದರ ನಂಬರು ಹೊತ್ತ ಒಂದು ಸಣ್ಣ ಕಾರ್ಡು ಇರುತ್ತದೆ. ಯಂತ್ರ ಸತ್ತ ಪೆಟ್ಟಿಗೆಯ ನಂಬರನ್ನೇ ನೆನಪಿಟ್ಟುಕೊಂಡು ಅದನ್ನೇ ಹುಡುಕುತ್ತಿತ್ತು. ಹೊಸ ನಂಬರು ಒಪ್ಪಿಸಲು ತಯಾರಕರೇ ಬರಬೇಕು. ಅವರೊಂದಿಗಿನ ಸೇವಾ ಒಪ್ಪಂದ ಎಂದೋ ಮುಗಿದಿತ್ತು.

ಗುರಪ್ಪ ನೆಲದ ಮೇಲೆ ಕುಳಿತ. ಮನೆಯಲ್ಲಿ ಹೆಂಡತಿ ಉಮಾ ಸೈದಾಪುರಕ್ಕೆ ಹೊರಡಲು ಆಗಲೇ ಪಾತ್ರೆಗಳನ್ನು ಚೀಲಕ್ಕೆ ತುಂಬಿದ್ದಳು.

"ಮರಿ ಸತ್ತ ಕುರಿ ಬ್ಯಾರೆ ಮರಿಗಿ ಮಲಿ ಕೊಡಲ್ಲ," ಎಂದ ಗುರಪ್ಪ. "ನಮ್ಮಪ್ಪ ಸತ್ತ ಮರಿ ತೊಗಲು ಸುಲಿದು ತಬ್ಬಲಿ ಮರಿಗಿ ಹೊದಿಸ್ತಿದ್ದ. ತಾಯಿ ಮೂಸಿ ನೋಡಿ, ನಂದೇ ಅಂತ ತಿಳೀತಿತ್ತು."

ಮರಿಲಿಂಗನಿಗೆ ಕೂಡಲೇ ಅರ್ಥವಾಯಿತು. ಸುಟ್ಟ ಪೆಟ್ಟಿಗೆಯ ಕಾರ್ಡು ತೆಗೆದು ಶಹಾಪುರದ ಪೆಟ್ಟಿಗೆಗೆ ಹಾಕಿ, ಅದನ್ನು ಮತ್ತೆ ನಡುವೆ ಕೂರಿಸಿದರು. ಕೆಂಪು ಅಕ್ಷರ ಹೋಯಿತು. ಕೈ ಮೇಲಿಂದ ಕೆಳಗಿನವರೆಗೆ ಒಮ್ಮೆ ಓಡಾಡಿ, ಕ್ಯಾಸೆಟ್ಟುಗಳನ್ನೆಲ್ಲ ಎಣಿಸಿ ನಿಂತಿತು. ಗುರಪ್ಪ ಉಮಾಗೆ ಫೋನು ಮಾಡಿ, ಚೀಲ ಬಿಚ್ಚಬೇಡ ಎಂದ.

ಮುಂದಿನ ವಾರ ಘಟಕದ ಮ್ಯಾನೇಜರ್ ಬಸವಂತ್ರಾಯ ಅವನನ್ನು ಕರೆಸಿದರು.

"ಶಹಾಪುರದ ಪೆಟ್ಟಿಗಿ ಬಂದೇ ಇಲ್ಲಂತಲ್ಲಪ್ಪಾ? ಯಂತ್ರ ಕಳಿಸಿದ ವರದಿಯೊಳಗ ಮೂರೂ ನಮ್ಮ ಹಳೇ ನಂಬರೇ ಅವ. ಹೈದರಾಬಾದಿನ ಹೆಡ್ ಆಫೀಸಿನವರು ನಿಮ್ಮ ಪೆಟ್ಟಿಗಿ ಗುಜರಿಗಿ ಬರ್ದಾರ. ಅದರ ಸಂಗಾಟ ನಿನ್ನ ಹೆಸರೂ."

"ಸಾಹೇಬ್ರ, ನಡುವಿಂದು ನಮ್ಮದೇ ಅದರಿ. ನೀವೇ ಬಂದು ನೋಡ್ರಿ."

"ನಾ ನೋಡೀನಿ, ನನಗ ಗೊತ್ತದ. ಆದ್ರ ಅವರಿಗಿ ಯಂತ್ರ ಹೇಳಿದ್ದೇ ಖರೇ. ಕಾರ್ಡು ಬದಲಿ ಮಾಡೀವಂತ ಬರದ್ರ ಇಷ್ಟೂ ಟೇಪಿನ ಮ್ಯಾಲ ಅನುಮಾನ ಬರ್ತದ. ಮೊದಲು ಮರಿಲಿಂಗನ ನೌಕರಿ ಹೋಗ್ತದ."

ಗುರಪ್ಪ ಯಂತ್ರದ ಕೋಣೆಗೆ ಹೋದ. ಅವನು ಮುಚ್ಚಳದ ತಿರುಪು ಬಿಚ್ಚುವುದನ್ನು ಮರಿಲಿಂಗ ಬಾಗಿಲಲ್ಲಿ ನಿಂತು ನೋಡಿದ, ತಡೆಯಲಿಲ್ಲ. ಆ ಕಾರ್ಡು ಕಿತ್ತು ಪೆಟ್ಟಿಗೆಯ ಸ್ವಂತ ಕಾರ್ಡು ಹಾಕಿದರೆ ಶಹಾಪುರದ ಪೆಟ್ಟಿಗೆ ಇದೆ ಎಂದು ಯಂತ್ರವೇ ಹೇಳುತ್ತದೆ, ಹೇಳಿ, ನಿಂತುಬಿಡುತ್ತದೆ.

"ಎರಡು ದಿನಕ್ಕ ತೊಗಲು ತೆಗೀತಿದ್ರು," ಎಂದ ಗುರಪ್ಪ. "ಅಷ್ಟರಾಗ ಆ ತಾಯಿ ಹಾಲಿನ ವಾಸನಿ ಮರಿ ಮೈಗಿ ಹತ್ತಿರ್ತಿತ್ತು. ಈ ಯಂತ್ರ ಎಲ್ಲಿ ಹಾಲು ಕುಡಸ್ತದ?"

ತಿರುಪುಗಳನ್ನು ಮತ್ತೆ ಬಿಗಿದು ಹೊರಟುಹೋದ.

ಈಗ ಅವನು ಸುರಪುರದ ಅಂಗಡಿಯೊಂದರಲ್ಲಿ ಮೊಬೈಲು ರಿಪೇರಿ ಮಾಡುತ್ತಾನೆ. ಆಗೊಮ್ಮೆ ಈಗೊಮ್ಮೆ ಮರಿಲಿಂಗನ ಫೋನು ಬರುತ್ತದೆ.

"ಅಣ್ಣಾ, ನಡುವಿಂದು ಕರಕರ ಅನ್ನಾಕತ್ತದ."

"ಫೋನ್ ಹತ್ರ ಹಿಡಿ." ಗುರಪ್ಪ ಕಣ್ಣು ಮುಚ್ಚಿ ಕೇಳುತ್ತಾನೆ. "ಕೈ ಓಡಾಡೋ ಎಡಗಡಿ ಪಟ್ಟಿ ಮ್ಯಾಲ ಧೂಳ ಕುಂತದ. ಒರಸು, ಎಣ್ಣಿ ಹಚ್ಚಬ್ಯಾಡ."

ಸಪ್ಪಳ ಸರಿಹೋದ ಮೇಲೂ ಅವನು ಫೋನು ಇಡುವುದಿಲ್ಲ.

"ನಂಬರ್ ಯಾವುದು ತೋರಸ್ತದ?"

"ಹಳೇದೇ, ಅಣ್ಣಾ."